ಕೆಂಪು ದ್ರಾಕ್ಷಿಯ ಬಿಳಿ ವೈನೂ ಬೀಗರ ‘ಬೇಡ’ವೂ

ವೈನಿನ ವಿಷಯದಲ್ಲಿ ನನ್ನ ಅನುಭವ ಸೊನ್ನೆ. ಸೊನ್ನೆಯನ್ನು ಜಗತ್ತಿಗೆ ಕೊಟ್ಟವರೇ ನಾವಾದ್ದರಿಂದ ಇದನ್ನು ನಾನೊಂದು ಕೊರತೆಯೆಂದು ಎಂದೂ ಭಾವಿಸಿರಲಿಲ್ಲ. ಕುಡಿಯಬಾರದೆಂಬ ವ್ರತವೇನೂ ನನಗಿಲ್ಲ. ಈಜು ಕಲಿಯದೆ ಉಳಿದ ಹಾಗೆ ಇದನ್ನೂ ಕಲಿಯದೆ ಉಳಿದೆ, ಅಷ್ಟೆ. ಸುತ್ತಲೂ ಸಮುದ್ರ, ಮೂಲೆಗೊಂದು ಪಬ್ಬು ಇರುವ ದೇಶದಲ್ಲಿ ಇಷ್ಟು ವರ್ಷ ಬಾಳಿ, ಎರಡರಲ್ಲೂ ಒದ್ದೆಯಾಗದೆ ಉಳಿದದ್ದು ಸಣ್ಣ ಸಾಧನೆಯಲ್ಲ ಎಂದೇ ನನ್ನ ಅಭಿಪ್ರಾಯ.

ಕಿಲ್ಕೆನ್ನಿ ಎಂಬ ಐರಿಶ್ ಊರಿನ ಆಸ್ಪತ್ರೆಯಲ್ಲಿ ನಾನು ಅರಿವಳಿಕೆಯ ವೈದ್ಯ. ಆಪರೇಷನ್ನಿಗೆ ಮುಂಚೆ ರೋಗಿಯ ಪ್ರಜ್ಞೆ ತಪ್ಪಿಸುವುದು, ಮುಗಿದ ಮೇಲೆ ಮರಳಿ ತರಿಸುವುದು, ಇದು ನನ್ನ ವೃತ್ತಿ. ಮೊದಲನೆಯದಕ್ಕೆ ನನಗೆ ಔಷಧಿಯ ಅಗತ್ಯವೇ ಇಲ್ಲ, ಮಾತಾಡಿದರೆ ಸಾಕು ಎಂದು ನನ್ನ ಹೆಂಡತಿ ಸುಮತಿ ಹೇಳುವುದುಂಟು. ಇಂಥ ಮಾತುಗಳನ್ನು ನಾನು ದಾಖಲಿಸಿಕೊಳ್ಳುವುದಿಲ್ಲ.

ನಮ್ಮ ಒಬ್ಬಳೇ ಮಗಳು ಇಂಚರ. ಹುಟ್ಟಿದ್ದು ಇಲ್ಲೇ. ಕನ್ನಡದಲ್ಲಿ ಬೈದರೆ ಚೆನ್ನಾಗಿ ಅರ್ಥವಾಗುತ್ತದೆ, ಉತ್ತರ ಮಾತ್ರ ಐರಿಶ್ ರಾಗದ ಇಂಗ್ಲಿಷಿನಲ್ಲಿ ಬರುತ್ತದೆ. ಸ್ವೋರ್ಡ್ಸ್ ಎಂಬ ದೂರದ ಊರಿನಲ್ಲಿ ಅವಳಿಗೆ ಕೆಲಸ. ಅಲ್ಲೇ ಜೊತೆಗೆ ಕೆಲಸ ಮಾಡುವ ಡೋನಲ್ ಎಂಬ ಹುಡುಗನನ್ನು ಮದುವೆಯಾಗುತ್ತೇನೆಂದು ಅವಳು ಹೇಳಿದಾಗ ಸುಮತಿ ಕೇಳಿದ ಮೊದಲ ಪ್ರಶ್ನೆ, ‘ಅವರಪ್ಪ ಏನ್ಮಾಡ್ತಾರೆ?’

‘ಡೇರಿ ಫಾರ್ಮರ್.’

ಸುಮತಿಯ ಮುಖ ಅರಳಿತು. ‘ಹಸು ಸಾಕ್ತಾರಂತೆ ಕಣ್ರೀ! ಒಳ್ಳೆ ಮನೆತನ.’

ಹೀಗೆ ಕಿಲ್ಕೆನ್ನಿ ಊರಾಚೆಯ ಮಾರ್ಟಿನ್ ಮತ್ತು ನೊರೀನ್ ದಂಪತಿಗಳು ನಮಗೆ ಬೀಗರಾಗುವುದು ನಿಶ್ಚಯವಾಯಿತು. ಅವರು ಒಂದು ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಮೊದಲ ಸಲ ಊಟಕ್ಕೆ ಬರುವುದೆಂದೂ ನಿಶ್ಚಯವಾಯಿತು. ನನ್ನ ನಿದ್ದೆ ಹೊರಟುಹೋಯಿತು.

ಬೀಗರು ಎಂದರೇನೆಂದು ನನಗೆ ಗೊತ್ತು. ನನ್ನ ಅಕ್ಕನ ಮದುವೆಯಲ್ಲಿ ಬೀಗರ ಪಂಕ್ತಿಗೆ ಚಿರೋಟಿ ಎರಡನೇ ಸಲ ಹೋಗಲಿಲ್ಲ. ಅಕ್ಕನಿಗೆ ಈಗ ಮೊಮ್ಮಕ್ಕಳಿದ್ದಾರೆ. ಆ ಚಿರೋಟಿ ಇನ್ನೂ ಬರಬೇಕಾಗಿದೆ ಎಂದೇ ಆ ಮನೆಯ ನಂಬಿಕೆ. ನಮ್ಮ ಹುಡುಗಿಯ ಬಾಳಿನಲ್ಲಿ ಅಂಥದೊಂದು ಚಿರೋಟಿ ಇರಕೂಡದೆಂದು ನಾನು ಅಂದೇ ಸಂಕಲ್ಪ ಮಾಡಿದೆ.

ಊಟ ಸುಮತಿಯ ಖಾತೆ. ಪಾನೀಯ ನನ್ನ ಖಾತೆ. ನಾನು ಪಾನಕವೆಂದು ನಿರ್ಧರಿಸಿದ್ದೆ. ಇದನ್ನು ಕೇಳಿ ನನ್ನ ಸಹೋದ್ಯೋಗಿ ಪ್ರಭಾಕರ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಚಮಚ ಕೆಳಗಿಟ್ಟ.

‘ಗುರುವೇ, ಐರಿಶ್ ಬೀಗರಿಗೆ ಪಾನಕ ಕೊಡ್ತೀಯಾ? ಮದ್ವೆ ನಿಂತ್ಹೋಗುತ್ತೆ ನೋಡು.’

‘ಮಗಳು ಟೀ ಸಾಕು ಅಂದಿದ್ದಾಳಪ್ಪಾ.’

ನಿಜ, ಇಂಚರ ಫೋನಿನಲ್ಲಿ ಸ್ಪಷ್ಟವಾಗಿಯೇ ಹೇಳಿದ್ದಳು: ‘ಅಪ್ಪಾ, ಮಾರ್ಟಿನ್ ಈಸ್ ಗ್ರ್ಯಾಂಡ್ ವಿತ್ ಟೀ. ಡೋಂಟ್ ಬಿ ಗೋಯಿಂಗ್ ಮ್ಯಾಡ್.’ ಇಲ್ಲಿಯವರ ಬಾಯಲ್ಲಿ ‘ಗ್ರ್ಯಾಂಡ್’ ಎಂದರೆ ‘ಅಷ್ಟೇ ಸಾಕು, ಆರಾಮ’ ಎಂದರ್ಥ.

‘ಅವಳು ಹಾಗನ್ನದೆ ಇನ್ನೇನಂತಾಳೆ?’ ಎಂದ ಪ್ರಭಾಕರ. ‘ಅಪ್ಪಂಗೆ ತೊಂದ್ರೆ ಬೇಡ ಅಂತ ಅಂದಿರ್ತಾಳೆ. ನೀನು ಅರ್ಥ ಮಾಡ್ಕೋಬೇಕು. ಒಂದು ಒಳ್ಳೆ ವೈನ್ ತಗೊಂಡ್ಹೋಗು. ಮಾಮೂಲಿದಲ್ಲ, ಏನಾದ್ರೂ ವಿಶೇಷದ್ದು.’

ಪ್ರಭಾಕರ ಎಕ್ಸ್‌ರೇ ವಿಭಾಗದವನು. ಹಿಂದೊಮ್ಮೆ ರಜೆಯಲ್ಲಿ ನಂದಿಬೆಟ್ಟದ ತಪ್ಪಲಿನ ದ್ರಾಕ್ಷಿತೋಟವೊಂದನ್ನು ನೋಡಿಕೊಂಡು ಬಂದಂದಿನಿಂದ ಅವನು ವೈನ್ ತಜ್ಞ. ಒಳಗಿರುವುದನ್ನು ಹೊರಗಿನಿಂದ ನೋಡಿ ಹೇಳುವುದೇ ಅವನ ಕಸುಬಾದ್ದರಿಂದ ನಾನು ನಂಬಿದೆ.

ವೈನ್ ಅಂಗಡಿಯ ಹೆಂಗಸು ಬಹಳ ಮರ್ಯಾದಸ್ಥೆ. ನನ್ನನ್ನು ಕಂಡು, ‘ಕೆಂಪೋ ಬಿಳಿಯೋ?’ ಎಂದು ಕೇಳಿದಳು.

ಇಂಥ ಪ್ರಶ್ನೆ ಬರುತ್ತದೆಂದು ಪ್ರಭಾಕರ ಹೇಳಿರಲಿಲ್ಲ. ಬೀಗರು ಕೆಂಪಿನ ಪಕ್ಷವೋ ಬಿಳಿಯ ಪಕ್ಷವೋ ಯಾರಿಗೆ ಗೊತ್ತು? ಕೆಂಪು ಒಯ್ದು ಅವರು ಬಿಳಿಯವರಾದರೆ ಅವಮಾನ. ಬಿಳಿ ಒಯ್ದು ಕೆಂಪಿನವರಾದರೆ ಅದೂ ಅವಮಾನ. ಎರಡೂ ಒಯ್ದರೆ, ಈ ಮನೆಯವರು ಕುಡುಕರೆಂಬ ಅಪವಾದ.

‘ಎರಡೂ ಆಗಿರುವಂಥದ್ದು ಏನಾದರೂ ಇದೆಯೇ?’ ಎಂದು ಕೇಳಿದೆ.

ಆಕೆ ಸ್ವಲ್ಪ ಯೋಚಿಸಿ, ಮೇಲಿನ ಹಲಗೆಯಿಂದ ಒಂದು ಬಾಟಲಿ ಇಳಿಸಿದಳು. ಜಪಾನಿನದು. ಸೊಗಸಾದ ಜಪಾನೀ ಅಕ್ಷರಗಳ ಕೆಳಗೆ ಕಪ್ಪುಗೆಂಪು ದ್ರಾಕ್ಷಿಗೊಂಚಲಿನ ಚಿತ್ರ. ಒಳಗೆ ನೋಡಿದರೆ ಎಳನೀರಿನಂಥ ದ್ರವ. ‘ಕೆಂಪು ದ್ರಾಕ್ಷಿಯಿಂದ ಮಾಡಿದ ಬಿಳಿ ವೈನ್ ಇದು. ಬಣ್ಣ ಇರೋದು ಸಿಪ್ಪೆಯಲ್ಲಿ. ಹಿಂಡಿದ ಕೂಡಲೇ ಸಿಪ್ಪೆ ಬೇರೆ ಮಾಡಿಬಿಟ್ಟರೆ ರಸ ಬಿಳಿಯಾಗಿಯೇ ಉಳಿಯುತ್ತದೆ. ತುಂಬ ಅಪರೂಪದ್ದು,’ ಎಂದಳು.

ನನಗೆ ರೋಮಾಂಚನವಾಯಿತು. ಬೀಗರಿಗೆ ಬಿಳಿ ಬೇಕೆಂದರೆ ಇದು ಬಿಳಿ. ಕೆಂಪು ಬೇಕೆಂದರೆ, ಮೂಲದಲ್ಲಿ ಕೆಂಪು. ಜೊತೆಗೆ ಜಪಾನ್ ಅವರ ಕಡೆಯೂ ಅಲ್ಲ, ನಮ್ಮ ಕಡೆಯೂ ಅಲ್ಲ. ತಟಸ್ಥ ರಾಷ್ಟ್ರ! ಎರಡು ಕುಟುಂಬಗಳ ನಡುವೆ ಇದಕ್ಕಿಂತ ನ್ಯಾಯವಾದ ಬಾಟಲಿ ಇರಲಾರದು. ಬೆಲೆಯನ್ನು ಇಲ್ಲಿ ಹೇಳುವುದಿಲ್ಲ. ಮನೆಯಲ್ಲೂ ಹೇಳಿಲ್ಲ.

ಸುಮತಿ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು.

‘ಕೆಂಪು ದ್ರಾಕ್ಷೀದು ಅಂತೀರಿ. ಬಣ್ಣ ಎಲ್ರೀ?’

‘ಬಣ್ಣ ಸಿಪ್ಪೇಲಿರುತ್ತೆ. ತೆಗೆದಿರ್ತಾರೆ.’

‘ಅಂಗಡಿಯೋರು ಹೇಳಿದ್ರಾ?’

‘ಹೂಂ.’

‘ನೀವು ನಂಬಿದ್ರಾ?’

‘ಅದು ವಿಜ್ಞಾನ ಕಣೇ.’

‘ಬಣ್ಣ ಹೋಗಿರೋ ಸೀರೆ ಮಾರೋನೂ ವಿಜ್ಞಾನಾನೇ ಹೇಳ್ತಾನೆ. ಬೀಗರ ಮುಂದೆ ಬಣ್ಣ ಬಿಟ್ಟಿರೋ ಮಾಲು ಇಡ್ತೀರಾ?’

ವಿಜ್ಞಾನಕ್ಕೆ ಸವಾಲೆಸೆದಾಗ ಪ್ರಯೋಗವೊಂದೇ ಉತ್ತರ. ಫ್ರಿಜ್ಜಿನಲ್ಲಿದ್ದ ಕಪ್ಪುಗೆಂಪು ದ್ರಾಕ್ಷಿ ತೆಗೆದೆ. ಭಾನುವಾರ ಉಡಲೆಂದು ತೆಗೆದಿಟ್ಟಿದ್ದ ಬಿಳಿ ರೇಷ್ಮೆ ಪಂಚೆಯನ್ನು, ಸೊಂಟ ಇನ್ನೂ ಒಪ್ಪುತ್ತದೆಯೇ ಎಂದು ನೋಡಲು, ಅದೇ ಹೊತ್ತಿಗೆ ಉಟ್ಟಿದ್ದೆ. ಇದು ಪ್ರಯೋಗದ ಭಾಗವಾಗಿರಲಿಲ್ಲ. ಆಮೇಲೆ ಆಯಿತು.

ಒಂದೊಂದೇ ದ್ರಾಕ್ಷಿಯ ಸಿಪ್ಪೆ ಸುಲಿದೆ. ಕತ್ತಿ ಹಿಡಿಯುವುದು ನನ್ನ ವಿಭಾಗವಲ್ಲ. ನಾನು ಮಲಗಿಸುವವನು, ಕೊಯ್ಯುವವರು ಬೇರೆ. ಆದರೂ ಸುಲಿದೆ. ತಿರುಳನ್ನು ಬಿಳಿ ಬಟ್ಟಲಿಗೆ ಹಿಂಡಿದೆ. ನಿಜ, ರಸ ಬೆಳ್ಳಗಿತ್ತು! ‘ನೋಡು!’ ಎಂದು ವಿಜಯೋತ್ಸಾಹದಿಂದ ಎದ್ದೆ. ಮಡಿಲಲ್ಲಿ ರಾಶಿ ಬಿದ್ದಿದ್ದ ಸಿಪ್ಪೆಗಳ ನೆನಪಾದದ್ದು ಅವುಗಳ ಮೇಲೆ ಕೈ ಒರೆಸಿಕೊಂಡು, ಒತ್ತಿ, ಉಜ್ಜಿ ಆದ ನಂತರ.

ಸುಮತಿ ನನ್ನ ಪಂಚೆಯನ್ನು ಮೇಲಿಂದ ಕೆಳಗೆ ನೋಡಿದಳು.

‘ಬಣ್ಣ ಎಲ್ಲಿ ಅಂತ ಕೇಳಿದ್ದೆ. ಸಿಕ್ತು ಬಿಡಿ.’

ಕೆಂಪು ದ್ರಾಕ್ಷಿಯಿಂದ ಬಿಳಿ ವೈನ್ ಆಗುವುದಾದರೆ ಬಿಳಿ ಪಂಚೆಯಿಂದ ಕೆಂಪು ಪಂಚೆ ಏಕಾಗಬಾರದು? ತಾತ್ವಿಕವಾಗಿ ನನಗೆ ತಪ್ಪು ಕಾಣಲಿಲ್ಲ. ಭಾನುವಾರಕ್ಕೆ ಪ್ಯಾಂಟೆಂದು ತೀರ್ಮಾನವಾಯಿತು.

ಬಾಟಲಿಯನ್ನು ತಣ್ಣಗಿಡಬೇಕಿತ್ತು. ದೇವರ ನೈವೇದ್ಯದ ಹಾಲಿರುವ ಫ್ರಿಜ್ಜಿನಲ್ಲಿ ಅದನ್ನು ಇಡಕೂಡದೆಂದು ಸುಮತಿಯ ಆಜ್ಞೆ. ನಾನು ವಾದಿಸಲಿಲ್ಲ. ನವೆಂಬರಿನಲ್ಲಿ ಈ ದೇಶವೇ ಒಂದು ಫ್ರಿಜ್ಜು. ಹಿತ್ತಲ ಬಾಗಿಲ ಹೊರಗೆ, ಬಕೆಟ್ಟಿನ ಕೆಳಗೆ, ಮಳೆ ತಾಗದಂತೆ ಅದನ್ನು ಸ್ಥಾಪಿಸಿದೆ.

ಭಾನುವಾರ ಬೆಳಿಗ್ಗೆ ಪ್ರಭಾಕರನ ಫೋನು. ‘ಗುರುವೇ, ಬಾಟ್ಲು ಮುಂಚೇನೇ ಓಪನ್ ಮಾಡಿಡು. ವೈನ್ ಉಸಿರಾಡ್ಬೇಕು.’

ಉಸಿರಾಟದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಜೀವಮಾನವೆಲ್ಲ ನಾನು ಮಾಡಿರುವುದು ಅದೊಂದೇ ಕೆಲಸ: ಮಲಗಿದವನು ಉಸಿರಾಡುತ್ತಿದ್ದಾನೆಯೇ ಎಂದು ನೋಡುವುದು. ತಕ್ಷಣ ಬಾಟಲಿಯನ್ನು ಒಳಗೆ ತಂದು ಮೇಜಿನ ಮೇಲೆ ನಿಲ್ಲಿಸಿದೆ. ಬಾಯಿಗೆ ಬಿರಡೆ. ಬಿರಡೆ ತೆಗೆಯುವ ತಿರುಪು ನಮ್ಮ ಮನೆಯಲ್ಲಿಲ್ಲ. ಎಂದೂ ಕುಡಿಯದ ಮನೆಯಲ್ಲಿ ಅದು ಇರುವುದಾದರೂ ಏಕೆ?

‘ಪಕ್ಕದ ಮನೆಯೋರ ಹತ್ರ ಇಸ್ಕೊಂಡು ಬನ್ನಿ,’ ಎಂದಳು ಸುಮತಿ ಹೂರಣ ರುಬ್ಬುತ್ತಾ.

‘ಅವರು ಚರ್ಚಿಗೆ ಹೊರಟು ನಿಂತಿದ್ದಾರೆ. ಭಾನುವಾರ ಬೆಳಿಗ್ಗೆ ಹೋಗಿ ಬಾಟ್ಲು ತೆಗೆಯೋ ತಿರುಪು ಕೊಡಿ ಅನ್ನಲಾ? ಇಷ್ಟು ವರ್ಷ ಉಳಿಸ್ಕೊಂಡಿರೋ ಹೆಸರು!’

ಹೆಸರನ್ನು ಉಳಿಸಿಕೊಂಡು ಬಿರಡೆಯನ್ನು ಮೊದಲು ಚಾಕುವಿನಿಂದ ಎಬ್ಬಿಸಲು ನೋಡಿದೆ. ಅರ್ಧ ಪುಡಿಯಾಯಿತು. ತೆಂಗಿನಕಾಯಿಯ ಕಣ್ಣಿಗೆ ಚುಚ್ಚುವ ಸ್ಕ್ರೂಡ್ರೈವರ್ ತಂದೆ. ಉಳಿದರ್ಧ ಸಡಿಲವಾಯಿತು, ಆದರೆ ಒಳದಿಕ್ಕಿಗೆ. ಕೊನೆಗೆ ಲಟ್ಟಣಿಗೆಯ ಹಿಡಿಯಿಂದ ಒಂದು ಗುದ್ದು. ಬಿರಡೆ ಒಳಗೆ ಹೋಯಿತು. ಬಾಟಲಿ ಉಸಿರಾಡತೊಡಗಿತು. ನನ್ನ ಅಂಗಿಯ ಮೇಲೂ ಸ್ವಲ್ಪ ಉಸಿರಾಡಿತು.

ಈಗ ಆ ಅಪರೂಪದ ಎಳನೀರಿನಲ್ಲಿ ಮರದ ಹೊಟ್ಟು ತೇಲುತ್ತಿತ್ತು. ಶೋಧಿಸಬೇಕು. ಟೀ ಸೋಸುವ ಜರಡಿಯ ಕಣ್ಣು ದೊಡ್ಡದು. ಬಟ್ಟೆಯಲ್ಲಿ ಸೋಸೋಣವೆಂದರೆ, ಬಟ್ಟೆಯ ವಿಷಯದಲ್ಲಿ ಸುಮತಿಗೆ ನನ್ನ ಮೇಲಿದ್ದ ವಿಶ್ವಾಸ ಹೋಗಿತ್ತು. ಆಗ ನನ್ನ ಕಣ್ಣಿಗೆ ಬಿದ್ದದ್ದು ಕಾಫಿ ಫಿಲ್ಟರು! ಮದುವೆಯಲ್ಲಿ ಸುಮತಿಯ ಜೊತೆಗೇ ನಮ್ಮ ಮನೆಗೆ ಬಂದ ಸ್ಟೀಲಿನ ಫಿಲ್ಟರು. ಸೂಜಿಮೊನೆಯಂಥ ರಂಧ್ರಗಳು. ಜಪಾನಿನವರು ನೋಡಿದ್ದರೂ ತಲೆದೂಗುತ್ತಿದ್ದರು. ಮೇಲಿನ ಪಾತ್ರೆಯನ್ನು ಚೆನ್ನಾಗಿ ತೊಳೆದೆ. ವೈನ್ ಸುರಿದೆ. ತೊಟ್ಟು ತೊಟ್ಟಾಗಿ ಇಳಿಯಿತು. ಬಹಳ ಶಾಸ್ತ್ರೋಕ್ತವಾಗಿತ್ತು. ತುಂಬಿದಾಗಲೆಲ್ಲ ಜಗ್ಗಿಗೆ ಬಗ್ಗಿಸಿದೆ. ಬಾಟಲಿ ಖಾಲಿಯಾಯಿತು.

ಆಮೇಲೆ ಜಗ್ಗಿನೊಳಗೆ ಇಣುಕಿದೆ.

‘ಸುಮತೀ, ಫಿಲ್ಟರಿನ ಕೆಳಗಡೆ ಏನಾದ್ರೂ ಇತ್ತಾ?’

‘ಬೀಗರಿಗೆ ಅಂತ ಗಟ್ಟಿ ಡಿಕಾಕ್ಷನ್ ಇಳಿಸಿಟ್ಟಿದ್ದೆ. ಯಾಕೆ?’

ಮೇಲಿನದನ್ನು ತೊಳೆದವನು ಕೆಳಗಿನದನ್ನು ನೋಡಿರಲಿಲ್ಲ. ಕೆಂಪು ದ್ರಾಕ್ಷಿಯಿಂದ ಜಪಾನಿನವರು ಅಷ್ಟು ಕಷ್ಟಪಟ್ಟು ಕಳೆದಿದ್ದ ಬಣ್ಣವನ್ನು ನಾನು ಒಂದೇ ಬೆಳಗಿನಲ್ಲಿ ಮರಳಿಸಿದ್ದೆ. ಜಗ್ಗಿನಲ್ಲಿದ್ದದ್ದು ಈಗ ಕೆಂಪೂ ಅಲ್ಲ, ಬಿಳಿಯೂ ಅಲ್ಲ. ಕಂದು.

ಸುಮತಿ ಬಂದು ನೋಡಿದಳು. ಆಮೇಲೆ, ‘ಪಾನಕ ಮಾಡ್ಲಾ?’ ಎಂದಳು.

‘ಬೇಡ. ಬೆಳ್ಳಿ ಲೋಟ ತೆಗಿ.’

ಬೆಳ್ಳಿ ಲೋಟದ ಗುಣವೆಂದರೆ ಅದರೊಳಗೆ ಏನು ಹಾಕಿದರೂ ಬಣ್ಣ ತಿಳಿಯುವುದಿಲ್ಲ. ಬೀಗರಿಗೆ ಬೆಳ್ಳಿಯಲ್ಲಿ ಕೊಟ್ಟರೆ ಗೌರವವೂ ಆಯಿತು, ಗುಟ್ಟೂ ಉಳಿಯಿತು.

ಮಾರ್ಟಿನ್ ಮತ್ತು ನೊರೀನ್ ಹೇಳಿದ ಹೊತ್ತಿಗೆ ಬಂದರು. ಇಂಚರ, ಡೋನಲ್ ಇಬ್ಬರೂ ಸ್ವೋರ್ಡ್ಸ್‌ನಿಂದ ಕಾರಿನಲ್ಲಿ ಬರುತ್ತಿದ್ದವರು ದಾರಿಯಲ್ಲಿ ತಡವಾಗುತ್ತಿದ್ದೇವೆಂದು ಫೋನ್ ಮಾಡಿದ್ದರು. ಮಾರ್ಟಿನ್ ಎತ್ತರದ ಆಳು. ಬಾಗಿಲು ತುಂಬಿಕೊಂಡು ಒಳಗೆ ಬಂದರು. ಕೋಟಿನ ಎದೆಯ ಮೇಲೊಂದು ಚಿಕ್ಕ ಬ್ಯಾಡ್ಜು. ಹಾಲು ಒಕ್ಕೂಟದವರದಿರಬೇಕು ಎಂದುಕೊಂಡೆ. ನೊರೀನ್ ಮನೆಯಲ್ಲಿ ಕಡೆದ ಬೆಣ್ಣೆಯನ್ನು ಸುಮತಿಯ ಕೈಗೆ ಕೊಟ್ಟರು. ಬೆಣ್ಣೆ! ಸುಮತಿಯ ಕಣ್ಣಲ್ಲಿ ನೀರಾಡಿತು. ಹೆಂಗಸರಿಬ್ಬರೂ ಕ್ಷಣದಲ್ಲಿ ಅಡುಗೆಮನೆ ಸೇರಿ ಹೋಳಿಗೆ ತಟ್ಟತೊಡಗಿದರು. ಅವರ ಸಂಬಂಧ ಅಲ್ಲಿಗೆ ಕುದುರಿತು. ನಮ್ಮದು ಬಾಕಿ ಇತ್ತು.

ನಾನು ಬೆಳ್ಳಿ ಲೋಟಗಳನ್ನೂ ಜಗ್ಗನ್ನೂ ತಂದೆ. ಮುಂದೆ ನಡೆದ ಮಾತುಕತೆ ಇಂಗ್ಲಿಷಿನಲ್ಲಿ. ಆದರೆ ಉಪಚಾರ ಪೂರ್ತಿ ನಮ್ಮ ಕಡೆಯದೇ ಆದ್ದರಿಂದ ಕನ್ನಡದಲ್ಲೇ ಬರೆಯುತ್ತೇನೆ.

‘ಸ್ವಲ್ಪ ವೈನ್ ತಗೊಳ್ಳಿ. ಜಪಾನಿನದು. ನಿಮಗೋಸ್ಕರ ತಂದದ್ದು.’

‘ಅಯ್ಯೋ, ಬೇಡ ಬೇಡ. ನಾನು ಗ್ರ್ಯಾಂಡ್ ಆಗಿದೀನಿ,’ ಎಂದರು ಮಾರ್ಟಿನ್.

ಈ ‘ಬೇಡ’ವನ್ನು ಓದುಗರು ಗಮನಿಸಬೇಕು. ನಮ್ಮಲ್ಲಿ ಮೊದಲನೆಯ ಬೇಡ ಸಭ್ಯತೆ. ಎರಡನೆಯದು ಮನೆತನದ ಸಂಸ್ಕಾರ. ಮೂರನೆಯದನ್ನು ಕಿವಿಗೆ ಹಾಕಿಕೊಳ್ಳದೆ ಎಲೆಗೆ ಬಡಿಸಿಬಿಡುವುದು ಬಡಿಸುವವನ ಧರ್ಮ. ಇಲ್ಲಿಯವರೂ ಇದರಲ್ಲಿ ನಮಗೇನೂ ಕಡಿಮೆಯಿಲ್ಲ. ಐರಿಶ್ ಮನೆಯಲ್ಲಿ ಒಂದು ಬಿಸ್ಕತ್ತು ಒಪ್ಪಿಕೊಳ್ಳುವ ಮುಂಚೆ ನಡೆಯುವ ನಿರಾಕರಣೆ, ಒತ್ತಾಯಗಳನ್ನು ನೋಡಿಯೇ ನನಗೆ ಈ ದೇಶ ತೌರುಮನೆಯೆನಿಸಿದ್ದು.

‘ಹಾಗನ್ನಬಾರದು. ಒಂದು ಗುಟುಕು.’

‘ನಿಜವಾಗಿಯೂ ಬೇಡ. ನೀವು ತೊಂದರೆ ತಗೋಬೇಡಿ.’

ಸಂಸ್ಕಾರವಂತರು!

‘ನಮ್ಮ ಮನಸ್ಸಿಗೆ ಸಮಾಧಾನವಾಗಲ್ಲ.’

‘ಇಲ್ಲ, ನಾನು ತಗೊಳ್ಳೋದೇ...’ ಎಂದು ಅವರು ಏನೋ ಹೇಳಹೊರಟರು. ಮೂರನೆಯದು! ನಾನು ಲೋಟ ತುಂಬಿಸಿ ಕೈಗಿಟ್ಟೆ.

ಮಾರ್ಟಿನ್ ಲೋಟವನ್ನು ನೋಡಿದರು. ನನ್ನನ್ನು ನೋಡಿದರು. ಆಮೇಲೆ ಜಗ್ಗನ್ನು ಎತ್ತಿಕೊಂಡರು. ‘ಹಾಗಾದರೆ ನಿಮಗೂ ಒಂದು.’

ಇದನ್ನು ನಾನು ಯೋಚಿಸಿಯೇ ಇರಲಿಲ್ಲ.

‘ನನಗೆ ಬೇಡ.’

‘ಛೇ, ತಗೊಳ್ಳಿ.’

‘ನಿಜವಾಗಿಯೂ ಬೇಡ.’

‘ಅತಿಥಿ ಒಬ್ಬನೇ ಕುಡಿಯೋದುಂಟೇ?’

‘ನನಗೆ ಅಭ್ಯಾಸವೇ...’ ಎನ್ನುವಷ್ಟರಲ್ಲಿ ನನ್ನ ಲೋಟವೂ ತುಂಬಿತ್ತು. ಎಷ್ಟಾದರೂ ಸಮಾನ ಮನೆತನ.

ಇಬ್ಬರೂ ಎದುರುಬದುರು ಕುಳಿತೆವು. ಅವರು ಲೋಟವನ್ನು ತುಟಿಯವರೆಗೆ ಎತ್ತಿ, ಹಸುಗಳ ವಿಷಯ ಮಾತಾಡಿ, ಕೆಳಗಿಟ್ಟರು. ನಾನು ಲೋಟ ಎತ್ತಿ, ಆಪರೇಷನ್ನಿನ ವಿಷಯ ಮಾತಾಡಿ, ಕೆಳಗಿಟ್ಟೆ. ಅವರು ಮಳೆಯ ಬಗ್ಗೆ ಎತ್ತಿದರು. ನಾನು ಬಿಸಿಲಿನ ಬಗ್ಗೆ ಇಳಿಸಿದೆ. ಈ ದೇಶದಲ್ಲಿ ಬಿಸಿಲಿನ ಬಗ್ಗೆ ಹೆಚ್ಚು ಹೊತ್ತು ಮಾತಾಡಲಾಗುವುದಿಲ್ಲ. ಮಾತೆಲ್ಲ ಮುಗಿಯಿತು. ವೈನ್ ಒಂದು ತೊಟ್ಟೂ ಮುಗಿದಿರಲಿಲ್ಲ. ಬೀಗರು ನನ್ನ ಮುಖ ನೋಡುತ್ತಿದ್ದರು. ನಾನು ಕುಡಿಯದಿದ್ದರೆ ಅವರು ಕುಡಿಯುವುದಿಲ್ಲ, ಅವರು ಕುಡಿಯದಿದ್ದರೆ ನನ್ನ ಮಗಳ ಮನೆಯಲ್ಲಿ ಇನ್ನೊಂದು ಚಿರೋಟಿ. ನಾನು ಕಣ್ಣು ಮುಚ್ಚಿ ಮನಸ್ಸು ಗಟ್ಟಿ ಮಾಡಿದೆ. ತೆರೆದು ನೋಡಿದರೆ, ಮಾರ್ಟಿನ್ ಕೂಡ ಕಣ್ಣು ಮುಚ್ಚಿಕೊಂಡು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದರು.

ಆ ಕ್ಷಣದಲ್ಲಿ ಮಕ್ಕಳಿಬ್ಬರೂ ಮುಂಬಾಗಿಲಿನಿಂದ ಒಳಗೆ ಬಂದರು. ನೊರೀನ್ ಹೋಳಿಗೆಯ ತಟ್ಟೆ ಹಿಡಿದು ಅಡುಗೆಮನೆಯಿಂದ ಹೊರಬಂದರು.

‘ಮಾರ್ಟಿನ್! ಕೈಯಲ್ಲಿ ಏನದು?’

‘ವೈನ್,’ ಎಂದರು ಮಾರ್ಟಿನ್ ಸಣ್ಣ ದನಿಯಲ್ಲಿ.

‘ಅಪ್ಪಾ!’ ಇಂಚರ ಚೀರಿದಳು. ‘ಹಿ ಡಸಂಟ್ ಡ್ರಿಂಕ್! ಐ ಟೋಲ್ಡ್ ಯು, ಟೀ!’

ವಿಷಯ ತಿಳಿಯಿತು. ಎದೆಯ ಮೇಲಿದ್ದದ್ದು ಹಾಲು ಒಕ್ಕೂಟದ ಬ್ಯಾಡ್ಜಲ್ಲ. ಜೀವಮಾನವಿಡೀ ಮದ್ಯ ಮುಟ್ಟುವುದಿಲ್ಲವೆಂದು ಹುಡುಗನಾಗಿದ್ದಾಗಲೇ ಚರ್ಚಿನಲ್ಲಿ ಪ್ರತಿಜ್ಞೆ ಮಾಡಿದವರ ಗುರುತು ಅದು. ನಮ್ಮಲ್ಲಿ ಜನಿವಾರವಿದ್ದ ಹಾಗೆ. ಆದರೆ ಮಾರ್ಟಿನ್ ಅದರ ಮಾತು ಕೇಳಿದ್ದರು, ಅಷ್ಟು ವ್ಯತ್ಯಾಸ. ಅಂಥವರ ಅಷ್ಟು ವರ್ಷದ ತಪಸ್ಸನ್ನು ನಾನು ಡಿಕಾಕ್ಷನ್ ಬೆರೆಸಿ ಕೆಡಿಸಹೊರಟಿದ್ದೆ.

‘ಹಾಗಂತ ಹೇಳಬಾರದಿತ್ತೇ?’ ಎಂದೆ.

‘ಹೇಳಿದೆನಲ್ಲ, ಮೂರು ಸಲ,’ ಎಂದರು ಮಾರ್ಟಿನ್. ಅವರ ಕಿವಿ ಕೆಂಪಾಗಿತ್ತು. ‘ಭಾರತೀಯರ ಮನೆಯಲ್ಲಿ ಕೊಟ್ಟದ್ದನ್ನು ತಗೊಳ್ಳದಿದ್ದರೆ ನೊಂದ್ಕೊಳ್ತಾರೆ ಅಂತ ಡೋನಲ್ ಹೇಳಿದ್ದ. ನನ್ನಿಂದ ಇವನ ಮದುವೆ ಕೆಡೋದು ಬೇಡ, ಒಂದು ಗುಟುಕು ತಾನೇ, ದೇವರು ಮನ್ನಿಸ್ತಾನೆ ಅಂದ್ಕೊಂಡೆ.’

ನಾನು ನನ್ನ ಲೋಟವನ್ನು ಕೆಳಗಿಟ್ಟೆ. ‘ನಾನೂ ಕುಡಿಯುವುದಿಲ್ಲ ಮಾರ್ಟಿನ್. ನಿಮಗೋಸ್ಕರ ಈಗ ಶುರು ಮಾಡುವವನಿದ್ದೆ.’

ಅವರು ನನ್ನನ್ನು ನೋಡಿದರು. ಆಮೇಲೆ ನಕ್ಕರು. ಆ ನಗುವಿಗೆ ಕಿಟಕಿಯ ಗಾಜು ಅದುರಿತು. ನೊರೀನ್ ಮಾತ್ರ, ‘ವ್ಯರ್ಥ ಯಾಕೆ ಮಾಡೋದು?’ ಎಂದು ಗಂಡನ ಲೋಟವನ್ನು ಎತ್ತಿ ಕುಡಿದು, ‘ಚೆನ್ನಾಗಿದೆ. ಎಲ್ಲೋ ಕಾಫಿಯ ಪರಿಮಳ ಬಂದ ಹಾಗಿದೆ,’ ಎಂದರು. ಸುಮತಿ ನನ್ನ ಕಡೆ ನೋಡಲಿಲ್ಲ. ನಾನೂ ಸುಮತಿಯ ಕಡೆ ನೋಡಲಿಲ್ಲ.

ಊಟ ಭರ್ಜರಿಯಾಗಿ ನಡೆಯಿತು. ಮಾರ್ಟಿನ್ ಹೋಳಿಗೆಯನ್ನು, ಅವರದೇ ಬೆಣ್ಣೆ ಕಾಯಿಸಿದ ತುಪ್ಪದಲ್ಲಿ ಅದ್ದಿ, ಕಣ್ಣು ಅರೆಮುಚ್ಚಿ ತಿಂದರು. ನಾನು ಎರಡನೆಯದನ್ನು ಹಿಡಿದು ಹೋದೆ.

‘ಅಯ್ಯೋ, ಬೇಡ ಬೇಡ,’ ಎಂದರು ಮಾರ್ಟಿನ್.

ನಾನು ತಕ್ಷಣ ನಿಂತೆ. ಪಾಠ ಇನ್ನೂ ಬಿಸಿಯಾಗಿತ್ತು. ಬೇಡ ಎಂದರೆ ಬೇಡ. ಬೀಗರ ಮಾತನ್ನು ಒಮ್ಮೆ ಮೀರಿ ಅವರ ಧರ್ಮಕ್ಕೇ ಕುತ್ತು ತಂದವನು ಮತ್ತೆ ಮೀರುವುದುಂಟೇ? ‘ಖಂಡಿತ. ನಿಮ್ಮಿಷ್ಟ,’ ಎಂದು ಗಂಭೀರವಾಗಿ ತಲೆಬಾಗಿ ತಟ್ಟೆಯನ್ನು ಒಳಗೆ ಕೊಂಡೊಯ್ದೆ. ಮಾರ್ಟಿನ್ ಅದನ್ನು ಬಾಗಿಲವರೆಗೆ ಕಣ್ಣಲ್ಲೇ ಬೀಳ್ಕೊಟ್ಟರೆಂದು ಸುಮತಿ ಆಮೇಲೆ ಹೇಳಿದಳು. ನಾನು ನೋಡಲಿಲ್ಲ. ಪಾಯಸಕ್ಕೂ ಹಾಗೆಯೇ ಮಾಡಿದೆ. ಬೋಂಡಕ್ಕೂ.

ಸಂಜೆ ಪ್ರಭಾಕರ ವರದಿ ಕೇಳಲು ಬಂದ. ಜಗ್ಗಿನಲ್ಲಿ ಉಳಿದದ್ದನ್ನು ಲೋಟಕ್ಕೆ ಹಾಕಿ ಕೊಟ್ಟೆ. ಅವನು ಮೂಸಿದ. ಬಾಯಲ್ಲಿ ಹೊರಳಿಸಿದ. ಚಾವಣಿ ನೋಡಿದ.

‘ಗುರುವೇ! ಇದು ಜ್ವಾಲಾಮುಖಿ ಮಣ್ಣಿನ ಘಮ. ಜಪಾನಿನಲ್ಲಿ ಮಾತ್ರ ಸಿಗೋದು. ಎಲ್ರಿಗೂ ತಿಳಿಯೋದಿಲ್ಲ ಇದು.’

ಮೇಜಿನ ಮೇಲಿದ್ದ ಫಿಲ್ಟರನ್ನು ಸುಮತಿ ಮೆಲ್ಲಗೆ ಒಳಗೆ ತೆಗೆದುಕೊಂಡು ಹೋದಳು.

ಅವನು ಹೋದ ಮೇಲೆ ಇಂಚರಳ ಫೋನು ಬಂತು. ನಾನು ಸ್ಪೀಕರಿಗೆ ಹಾಕಿದೆ. ಮೆಚ್ಚುಗೆಯ ಮಾತು ಹೆಂಡತಿಗೂ ಕೇಳಲಿ ಎಂದು.

‘ಅಪ್ಪಾ, ದೇ ಲವ್ಡ್ ಯು. ಇಟ್ ವಾಸ್ ಗ್ರ್ಯಾಂಡ್. ಓನ್ಲಿ...’

‘ಓನ್ಲಿ ಏನು?’

‘ಮಾರ್ಟಿನ್ ಸ್ಟಾಪ್ಡ್ ಫಾರ್ ಎ ಸ್ಯಾಂಡ್‌ವಿಚ್ ಆನ್ ದ ವೇ ಹೋಮ್. ಹಿ ಸೆಡ್ ಅವರಿಗೆ ಆ ಸ್ವೀಟ್ ಇನ್ನೊಂದು ಬೇಕಿತ್ತಂತೆ. ನೀನು ಒಂದೇ ಸಲ ಕೇಳಿದ್ಯಂತೆ.’

ಮಗಳು ತುರ್ತು ಸಂದರ್ಭದಲ್ಲಿ ಮಾತ್ರ ಕನ್ನಡ ಬಳಸುತ್ತಾಳೆ. ನಾನು ಕುರ್ಚಿ ಹಿಡಿದುಕೊಂಡೆ. ಬೀಗರು! ನಮ್ಮ ಮನೆಯಿಂದ! ಹಸಿದು! ಸ್ಯಾಂಡ್‌ವಿಚ್!

ಮಾರನೆಯ ದಿನ ಮಧ್ಯಾಹ್ನ ನನ್ನ ಡ್ಯೂಟಿ ಮುಗಿದ ಕೂಡಲೇ ಸುಮತಿ ಡಬ್ಬದ ತುಂಬ ಹೋಳಿಗೆ ಜೋಡಿಸಿದಳು. ಇಬ್ಬರೂ ಅವರ ಫಾರ್ಮಿಗೆ ಹೊರಟೆವು. ಹಸಿರು ಹೊಲದ ನಡುವಿನ ದಾರಿಯಲ್ಲಿ ಮಳೆ ಜಿನುಗುತ್ತಿತ್ತು. ಅಂಗಳ ಕೆಸರಾಗಿದ್ದರಿಂದ, ‘ನೀವೇ ಹೋಗಿ ಕೊಟ್ಟು ಬನ್ನಿ, ನನಗೆ ಸೀರೆ,’ ಎಂದು ಸುಮತಿ ಕಾರಿನಲ್ಲೇ ಕುಳಿತಳು.

ಮಾರ್ಟಿನ್ ಬೂಟು ಹಾಕಿಕೊಂಡೇ ಬಾಗಿಲಿಗೆ ಬಂದರು. ‘ಅಯ್ಯೋ, ಬೇಡ ಬೇಡ, ಇದೆಲ್ಲ ಯಾಕೆ?’ ಎಂದು ಬಾಯಿ ಹೇಳುತ್ತಿದ್ದಂತೆಯೇ ಕೈ ಡಬ್ಬವನ್ನು ಭದ್ರವಾಗಿ ಹಿಡಿದಿತ್ತು. ರೋಗಿಗೆ ಮತ್ತು ಹತ್ತಿದೆಯೇ ಎಂದು ನೋಡುವಾಗ ನಾನು ಬಾಯಿಮಾತನ್ನು ನಂಬುವವನಲ್ಲ, ಕೈ ಎತ್ತಿ ನೋಡುತ್ತೇನೆ. ನಿನ್ನೆ ಇದು ಹೊಳೆಯಲೇ ಇಲ್ಲ. ಇನ್ನು ಮುಂದೆ ಕೈ ನೋಡಬೇಕೆಂದು ಗಟ್ಟಿ ಮಾಡಿಕೊಂಡೆ. ಡಬ್ಬ ಒಳಗೆ ಹೋಯಿತು. ನನ್ನ ಎದೆ ಹಗುರವಾಯಿತು. ನಮ್ಮ ಪಾಲಿನ ಚಿರೋಟಿ ತಲುಪಿತ್ತು.

ಆಗ ಒಳಗಿನಿಂದ ಒಂದು ವಾಸನೆ ಬಂತು. ನೊರೀನ್ ಆಗತಾನೇ ಒಲೆಯಿಂದ ತೆಗೆದ ಸೇಬಿನ ಟಾರ್ಟ್. ಮೇಲೆ ಸಕ್ಕರೆ, ಪಕ್ಕದಲ್ಲಿ ಆ ಹಸುಗಳದೇ ಕೆನೆ. ನಾನು ಮಧ್ಯಾಹ್ನ ಊಟ ಮಾಡಿರಲಿಲ್ಲ.

‘ಒಳಗೆ ಬನ್ನಿ,’ ಎಂದರು ಮಾರ್ಟಿನ್. ‘ಟಾರ್ಟ್ ಬಿಸಿಯಾಗಿದೆ. ಟೀ ಜೊತೆ ಒಂದು ತುಂಡು?’

‘ಅಯ್ಯೋ, ಬೇಡ ಬೇಡ. ಯಾಕೆ ತೊಂದರೆ?’ ಎಂದೆ. ಹಾಗೆನ್ನದೆ ಇನ್ನೇನೆನ್ನಲಿ? ಮೊದಲನೆಯದು ಸಭ್ಯತೆ. ಎರಡನೆಯದಕ್ಕೆ ಬಾಯಿ ಸಿದ್ಧವಾಗಿತ್ತು. ಮೂರನೆಯದಕ್ಕೆ ಕಾಲು.

ಮಾರ್ಟಿನ್ ತಮ್ಮ ದೊಡ್ಡ ಕೈಯನ್ನು ನನ್ನ ಹೆಗಲ ಮೇಲಿಟ್ಟರು. ಅವರ ಕಣ್ಣಲ್ಲಿ ನಿನ್ನೆಯ ಪಾಠದ ಗಾಂಭೀರ್ಯವಿತ್ತು.

‘ಅರ್ಥವಾಯಿತು,’ ಎಂದರು. ‘ನಾನು ಒತ್ತಾಯ ಮಾಡುವುದಿಲ್ಲ.’

ಬಾಗಿಲು ಮೃದುವಾಗಿ ಮುಚ್ಚಿಕೊಂಡಿತು.

ನಾನು ಕೆಸರು ದಾಟಿ ಕಾರಿಗೆ ಮರಳಿದೆ. ಸುಮತಿ ನನ್ನ ಖಾಲಿ ಕೈಗಳನ್ನು ನೋಡಿದಳು.

‘ಏನ್ರೀ, ಟೀ ಗೀ ಏನೂ ಕೊಡ್ಲಿಲ್ವಾ?’

‘ಕೊಟ್ರು,’ ಎಂದೆ, ಕಾರು ಸ್ಟಾರ್ಟ್ ಮಾಡುತ್ತಾ. ‘ಗೌರವ ಕೊಟ್ರು.’